ಬಿಲ್‌ನ ಅಂಕಿ ಸಾಲದು, ಗುತ್ತಿಗೆಯ ಷರತ್ತೂ ಬೇಕು: ನಿರ್ಮಾಣ ತಂತ್ರಾಂಶಗಳ ನಡುವೆ ಲೆಕ್ಕ ತಪ್ಪುವುದು ಎಲ್ಲಿ?

ಕಟ್ಟಡ ನಿರ್ಮಾಣದ ವ್ಯವಹಾರದಲ್ಲಿ ಮಾಡಿದ ಕೆಲಸದ ಹಣ ಪೂರ್ತಿಯಾಗಿ ಒಮ್ಮೆಲೇ ಕೈಸೇರುವುದಿಲ್ಲ. ಪ್ರತಿ ತಿಂಗಳ ಬಿಲ್‌ನಿಂದ ಶೇ 5 ಅಥವಾ ಶೇ 10ರಷ್ಟು ಮೊತ್ತವನ್ನು ಕೆಲಸ ಕೊಟ್ಟವರು ತಡೆಹಿಡಿಯುತ್ತಾರೆ. ಕೆಲಸ ಮುಗಿದು, ಲೋಪದೋಷಗಳು ಸರಿಯಾದ ಮೇಲಷ್ಟೇ ಆ ಹಣ ಬಿಡುಗಡೆಯಾಗುತ್ತದೆ. ನಮ್ಮ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರಿಗೂ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈರಿಂಗ್ ಕೆಲಸ ಹಿಡಿಯುವ ಉಪಗುತ್ತಿಗೆದಾರರಿಗೂ ಈ ಪದ್ಧತಿ ಹೊಸದಲ್ಲ.

ಅಮೆರಿಕದಲ್ಲಿ ಈ ಲೆಕ್ಕವನ್ನು ಈಗ ಬಹುಪಾಲು ತಂತ್ರಾಂಶಗಳೇ ಮಾಡುತ್ತವೆ. ಕೆಲಸದ ಸ್ಥಳದ ಬಿಲ್‌ಗಳು ಒಂದು ತಂತ್ರಾಂಶದಲ್ಲಿ, ಕಂಪನಿಯ ಲೆಕ್ಕಪತ್ರ ಇನ್ನೊಂದರಲ್ಲಿ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಸೇತುವೆಗೆ ಎಪಿಐ ಎಂದು ಹೆಸರು. ಈ ಸೇತುವೆಯ ಮೇಲೆ ಬಿಲ್‌ನ ಮೊತ್ತ ಸುಲಭವಾಗಿ ದಾಟುತ್ತದೆ. ಆ ಮೊತ್ತವನ್ನು ಯಾವ ಷರತ್ತಿನ ಮೇಲೆ ಲೆಕ್ಕ ಹಾಕಲಾಯಿತು ಎಂಬ ವಿವರ, ಅಂದರೆ ಗುತ್ತಿಗೆಯ ಬಿಲ್ ಸೆಟ್ಟಿಂಗ್‌ಗಳು, ಅನೇಕ ವೇಳೆ ಆಚೆ ದಡದಲ್ಲೇ ಉಳಿದುಬಿಡುತ್ತವೆ. ಹಾಗಾದಾಗ ಮೊದಲು ಪೆಟ್ಟು ಬೀಳುವುದು ವಾರದ ಕೂಲಿಯನ್ನು ವಾರಕ್ಕೇ ಕೊಡಬೇಕಾದ ಸಣ್ಣ ಉಪಗುತ್ತಿಗೆದಾರನಿಗೆ.

ತಡೆಹಿಡಿದ ಹಣದ ಕಥೆ

ಅಮೆರಿಕದಲ್ಲಿ ಇದನ್ನು ರಿಟೇನೇಜ್ ಎನ್ನುತ್ತಾರೆ. ಇಲ್ಲಿನ ಗುತ್ತಿಗೆದಾರರ ಬಾಯಲ್ಲಿ ಅದೇ ರಿಟೆನ್ಷನ್. ಕರ್ನಾಟಕದ ಸರ್ಕಾರಿ ಕಾಮಗಾರಿಗಳ ರನ್ನಿಂಗ್ ಬಿಲ್‌ಗಳಲ್ಲಿ ಎಫ್‌ಎಸ್‌ಡಿ ಎಂದು ಕಡಿತವಾಗುವ ಮೊತ್ತವೂ ಹೆಚ್ಚುಕಡಿಮೆ ಇದೇ ಉದ್ದೇಶದ್ದು. 1840ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೈಲು ಮಾರ್ಗಗಳ ನಿರ್ಮಾಣ ಭರಾಟೆಯಿಂದ ಸಾಗಿದ್ದಾಗ, ಅನುಭವವಿಲ್ಲದ ಗುತ್ತಿಗೆದಾರರು ಅರ್ಧಕ್ಕೇ ಕೈಬಿಟ್ಟು ಹೋಗುವುದನ್ನು ತಡೆಯಲು ಈ ಪದ್ಧತಿ ಹುಟ್ಟಿತು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಉದ್ದೇಶ ಸರಿಯೇ. ಆದರೆ ಗುತ್ತಿಗೆ ವ್ಯವಹಾರದಲ್ಲಿ ಲಾಭದ ಅಂತರ ತೀರಾ ಕಡಿಮೆ. ಶೇ 10ರಷ್ಟು ಹಣ ತಡೆಹಿಡಿದರೆ ಹಲವರ ಪಾಲಿಗೆ ಇಡೀ ಲಾಭವೇ ಬೇರೊಬ್ಬರ ಖಾತೆಯಲ್ಲಿ ತಿಂಗಳುಗಟ್ಟಲೆ ಕುಳಿತಂತೆ. ಅಡಿಪಾಯ ತೋಡುವವನ ಕೆಲಸ ಮೊದಲ ಎರಡು ತಿಂಗಳಲ್ಲೇ ಮುಗಿಯುತ್ತದೆ. ಕಟ್ಟಡ ಪೂರ್ಣಗೊಳ್ಳಲು ಎರಡು ವರ್ಷ ಹಿಡಿದರೆ ಅವನ ಹಣವೂ ಎರಡು ವರ್ಷ ಕಾಯಬೇಕಾದೀತು.

ಅಮೆರಿಕದಲ್ಲಿ ಈ ಲೆಕ್ಕಕ್ಕೆ ಬಹಳ ಕಾಲದಿಂದ ಒಂದು ಸಿದ್ಧ ನಮೂನೆ ಇದೆ. ಅಲ್ಲಿನ ವಾಸ್ತುಶಿಲ್ಪಿಗಳ ಸಂಸ್ಥೆಯಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಹೊರತಂದ ಜಿ702 ಮತ್ತು ಜಿ703 ಎಂಬ ಎರಡು ಫಾರಂಗಳು ಅಲ್ಲಿನ ಗುತ್ತಿಗೆದಾರರಿಗೆ ನಮ್ಮ ಎಂ.ಬಿ. ಪುಸ್ತಕದಷ್ಟೇ ಪರಿಚಿತ. ಜಿ703ರಲ್ಲಿ ಕೆಲಸದ ಪ್ರತಿಯೊಂದು ಭಾಗಕ್ಕೂ ಒಂದು ಸಾಲು. ಆ ಭಾಗಕ್ಕೆ ನಿಗದಿಯಾದ ಮೊತ್ತ, ಹಿಂದಿನ ಬಿಲ್‌ಗಳವರೆಗೆ ಆದ ಕೆಲಸ, ಈ ಅವಧಿಯ ಕೆಲಸ, ತಂದಿಟ್ಟಿದ್ದರೂ ಇನ್ನೂ ಜೋಡಿಸದ ಸಾಮಗ್ರಿ, ಇವೆಲ್ಲದರ ಒಟ್ಟು, ಬಾಕಿ ಉಳಿದ ಕೆಲಸ ಮತ್ತು ತಡೆಹಿಡಿದ ಹಣ, ಹೀಗೆ ಅಡ್ಡಕ್ಕೆ ಕಾಲಂಗಳು. ಜಿ702 ಇವುಗಳ ಸಾರಾಂಶ. ಅದರಲ್ಲಿ ಒಟ್ಟು ಕೆಲಸದ ಮೌಲ್ಯದಿಂದ ರಿಟೆನ್ಷನ್ ಕಳೆದು, ಈ ಮೊದಲು ಮಂಜೂರಾದ ಮೊತ್ತವನ್ನೂ ಕಳೆದರೆ ಈ ತಿಂಗಳು ಸಲ್ಲಬೇಕಾದ ಹಣ ಸಿಗುತ್ತದೆ.

ಇಲ್ಲಿ ಕಣ್ಣಿಗೆ ಬೀಳದ ಸಣ್ಣ ಸಂಗತಿಯೊಂದಿದೆ. ಜಿ702ರಲ್ಲಿ ರಿಟೆನ್ಷನ್‌ಗೆ ಎರಡು ಪ್ರತ್ಯೇಕ ಸಾಲುಗಳಿವೆ. ಒಂದು, ಮುಗಿದ ಕೆಲಸದ ಮೇಲಿನ ಶೇಕಡಾವಾರು. ಇನ್ನೊಂದು, ದಾಸ್ತಾನಿಟ್ಟ ಸಾಮಗ್ರಿಯ ಮೇಲಿನ ಶೇಕಡಾವಾರು. ಎರಡೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಕಾಗದದಿಂದ ತೆರೆಗೆ

2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಪ್ರೊಕೋರ್ ಈ ಕ್ಷೇತ್ರದ ಪ್ರಮುಖ ತಂತ್ರಾಂಶಗಳಲ್ಲಿ ಒಂದು. ಸಿಲಿಕಾನ್ ಕಣಿವೆಯಲ್ಲಿ ಕೆಲಸ ಮಾಡುತ್ತಿದ್ದ ಟೂಯಿ ಕೋರ್ಟೆಮಾಂಚ್ ದೂರದ ಸಾಂಟಾ ಬಾರ್ಬರಾದಲ್ಲಿ ಮನೆ ಕಟ್ಟಿಸುವಾಗ ಪಟ್ಟ ಪಾಡು ಇದರ ಹಿಂದಿನ ಪ್ರೇರಣೆ. ಕಾರ್ಪಿಂಟೇರಿಯಾ ಎಂಬ ಕಡಲತೀರದ ಪುಟ್ಟ ಊರಿನಲ್ಲಿ ನೆಲೆಗೊಂಡ ಕಂಪನಿ 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಪ್ರವೇಶಿಸಿತು. ಉಳಿದ ದೊಡ್ಡ ಕಂಪನಿಗಳೂ ಸುಮ್ಮನಿರಲಿಲ್ಲ. ನಿರ್ಮಾಣ ಬಿಲ್ ಪಾವತಿಯ ತಂತ್ರಾಂಶವಾದ ಟೆಕ್ಸ್‌ಚುರಾವನ್ನು ಒರಾಕಲ್ 2016ರಲ್ಲಿ ಸುಮಾರು 66 ಕೋಟಿ ಡಾಲರ್‌ಗೆ ಕೊಂಡಿತು. 2018ರಲ್ಲಿ ಟ್ರಿಂಬಲ್ ಕಂಪನಿ ವ್ಯೂಪಾಯಿಂಟ್ ಅನ್ನು 120 ಕೋಟಿ ಡಾಲರ್‌ಗೆ ಖರೀದಿಸಿತು. ಅದೇ ವರ್ಷ ಪ್ಲ್ಯಾನ್‌ಗ್ರಿಡ್‌ಗೆ ಆಟೊಡೆಸ್ಕ್ 87.5 ಕೋಟಿ ಡಾಲರ್ ತೆತ್ತಿತು.

ಇಷ್ಟು ಹಣ ಸುರಿದರೂ ಒಬ್ಬ ಗುತ್ತಿಗೆದಾರನ ಎಲ್ಲ ಕೆಲಸವೂ ಒಂದೇ ತಂತ್ರಾಂಶದಲ್ಲಿ ನಡೆಯುವ ದಿನ ಬಂದಿಲ್ಲ. ಬಂದೀತೆಂಬ ಲಕ್ಷಣವೂ ಕಾಣುವುದಿಲ್ಲ. ಲೆಕ್ಕಪತ್ರ ವಿಭಾಗದವರು ತಮಗೆ ಒಗ್ಗಿದ ತಂತ್ರಾಂಶವನ್ನು ಬಿಡಲು ಒಪ್ಪುವುದಿಲ್ಲ. ಸೈಟ್ ಎಂಜಿನಿಯರ್‌ಗಳಿಗೆ ಅದರ ಹಂಗೇ ಬೇಡ. ಹೀಗಾಗಿ ಎರಡನ್ನೂ ಬೆಸೆಯುವ ಕೆಲಸ ಪ್ರೋಗ್ರಾಮರ್‌ಗಳ ಪಾಲಿಗೆ ಬರುತ್ತದೆ. ಇಂಥ ಬೆಸುಗೆ ಕೆಲಸ ಹೊರದೇಶಗಳ ಪರವಾಗಿ ಬೆಂಗಳೂರಿನ ಕಚೇರಿಗಳಲ್ಲೂ ನಡೆಯುತ್ತದೆ. ತೆರೆಯ ಮೇಲಿನ ಅಂಕಿ ಅಲ್ಲಿ ಯಾರ ಕೂಲಿ ಎಂಬುದು ಇಲ್ಲಿ ಕುಳಿತವರಿಗೆ ತಿಳಿದಿರಲೇಬೇಕೆಂದೇನಿಲ್ಲ.

ಎಪಿಐ ಮಾಡುವುದೇನು?

ಎಪಿಐ ಎಂದರೆ ಒಂದು ತಂತ್ರಾಂಶ ಇನ್ನೊಂದನ್ನು ಪ್ರಶ್ನಿಸಿ ಉತ್ತರ ಪಡೆಯಲು ಇರುವ ನಿಗದಿತ ಬಾಗಿಲು. ಇದರ ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳು ಇತರ ವ್ಯಾಪಾರಿಗಳಿಗೆ ನೀಡುವ ಬಿಲ್‌ಗಳನ್ನು ಜಿಎಸ್‌ಟಿ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸುವುದು 2023ರ ಆಗಸ್ಟ್‌ನಿಂದ ಕಡ್ಡಾಯವಾಗಿದೆ. ಅಂಗಡಿಯ ಬಿಲ್ಲಿಂಗ್ ತಂತ್ರಾಂಶ ತಾನಾಗಿಯೇ ಪೋರ್ಟಲ್‌ಗೆ ವಿವರ ಕಳುಹಿಸಿ, ನೋಂದಣಿ ಸಂಖ್ಯೆ ಹಾಗೂ ಕ್ಯುಆರ್ ಕೋಡ್ ಪಡೆದು ಬಿಲ್‌ನ ಮೇಲೆ ಮುದ್ರಿಸುತ್ತದಲ್ಲ, ಅದು ನಡೆಯುವುದು ಎಪಿಐ ಮೂಲಕವೇ.

ನಿರ್ಮಾಣ ತಂತ್ರಾಂಶಗಳಲ್ಲೂ ಕ್ರಮ ಇದೇ. ಕೇಳುವ ತಂತ್ರಾಂಶ ಮೊದಲು ತನ್ನ ಗುರುತು ತೋರಿಸಿ ಅಲ್ಪಕಾಲ ಮಾತ್ರ ಚಾಲ್ತಿಯಲ್ಲಿರುವ ಟೋಕನ್ ಪಡೆಯುತ್ತದೆ. ಬಳಿಕ ಯಾವ ಕಂಪನಿ, ಯಾವ ಕಾಮಗಾರಿ, ಯಾವ ಗುತ್ತಿಗೆ ಎಂಬುದನ್ನು ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಜೇಸನ್ ಎಂಬ ಸರಳ ಪಠ್ಯ ರೂಪದಲ್ಲಿ ಬರುತ್ತದೆ. ಅದರಲ್ಲಿ ಪ್ರತಿ ವಿವರಕ್ಕೂ ಒಂದು ಹೆಸರು, ಒಂದು ಬೆಲೆ.

ಗುತ್ತಿಗೆಯ ಸೆಟ್ಟಿಂಗ್‌ಗಳಲ್ಲಿ ಏನಿರುತ್ತದೆ?

ಇಲ್ಲಿಂದ ಮುಂದಿನದು ಪ್ರೊಕೋರ್‌ನ ಉದಾಹರಣೆ. ಇತರ ತಂತ್ರಾಂಶಗಳಲ್ಲಿ ಹೆಸರುಗಳು ಬೇರೆ, ವಿಷಯ ಬಹುತೇಕ ಅದೇ.

ಮೊದಲನೆಯದು ಲೆಕ್ಕದ ವಿಧಾನ. ಗುತ್ತಿಗೆ ಮೊತ್ತದ ಆಧಾರದ್ದೋ, ಅಳತೆಯ ಆಧಾರದ್ದೋ? ಪೇಂಟಿಂಗ್‌ಗೆ ಒಟ್ಟು ಇಷ್ಟು ಡಾಲರ್ ಎಂದು ಗೊತ್ತುಮಾಡಿದರೆ ಬಿಲ್‌ನಲ್ಲಿ ಶೇಕಡಾ ಎಷ್ಟು ಮುಗಿಯಿತು ಎಂಬುದು ಮುಖ್ಯ. ಒಂದು ಘನಗಜ ಕಾಂಕ್ರೀಟ್‌ಗೆ ಇಷ್ಟು ಎಂದು ಗೊತ್ತುಮಾಡಿದರೆ ಎಷ್ಟು ಘನಗಜ ಸುರಿದರು ಎಂಬುದು ಮುಖ್ಯ. ಮೊತ್ತಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ ಮೇಲೆ ಈ ವಿಧಾನವನ್ನು ಬದಲಿಸಲು ಬರುವುದಿಲ್ಲ. ಆದ್ದರಿಂದ ಲೆಕ್ಕಪತ್ರದ ತಂತ್ರಾಂಶ ಇದನ್ನು ಮೊದಲೇ ಕೇಳಿಕೊಳ್ಳದೆ ಹೋದರೆ ಮುಂದಿನ ಪ್ರತಿ ಬಿಲ್‌ನಲ್ಲೂ ತೊಡಕು ಕಟ್ಟಿಟ್ಟದ್ದು.

ಎರಡನೆಯದು ರಿಟೆನ್ಷನ್‌ನ ಶೇಕಡಾವಾರು. ಗುತ್ತಿಗೆಯಲ್ಲಿ ನಮೂದಾಗುವುದು ಪೂರ್ವನಿಗದಿತ ದರ ಮಾತ್ರ. ಬಿಲ್‌ನ ಒಂದೊಂದು ಸಾಲಿನಲ್ಲಿ ಅದು ಬದಲಾಗಲೂಬಹುದು. ಕೆಲಸ ಅರ್ಧ ಮುಗಿಯುವವರೆಗೆ ಶೇ 10, ಆಮೇಲೆ ಶೇ 5 ಎಂಬಂಥ ಏರಿಳಿತದ ನಿಯಮವನ್ನೂ ಅಳವಡಿಸಬಹುದು. ಕೆಲಸದ ಮೇಲಿನ ರಿಟೆನ್ಷನ್ ಮತ್ತು ಸಾಮಗ್ರಿಯ ಮೇಲಿನ ರಿಟೆನ್ಷನ್‌ಗೆ ಪ್ರತ್ಯೇಕ ಸೆಟ್ಟಿಂಗ್‌ಗಳಿವೆ.

ಉಳಿದವು ಹೌದು ಅಥವಾ ಇಲ್ಲ ಎಂಬ ಸಣ್ಣ ಗುಂಡಿಗಳು. ಉಪಗುತ್ತಿಗೆದಾರ ತನ್ನ ಪಾಲಿನ ಮೊತ್ತವನ್ನು ತಾನೇ ಬಿಡಿಸಿ ತೋರಿಸಬೇಕೇ, ಪಾವತಿಗಳ ದಾಖಲೆ ಇಲ್ಲೇ ಇಡಬೇಕೇ ಎಂಬಂಥವು. ಬಿಲ್ಲಿಂಗ್ ಅವಧಿ ಗುತ್ತಿಗೆಯದ್ದಲ್ಲ, ಇಡೀ ಕಾಮಗಾರಿಯದ್ದು. ಅದರಲ್ಲಿ ಆರಂಭದ ದಿನ, ಮುಗಿಯುವ ದಿನ, ಬಿಲ್ ಸಲ್ಲಿಸಲು ಕೊನೆಯ ದಿನ ಇರುತ್ತವೆ. ಸಲ್ಲಿಸಲು ಕೊನೆಯ ದಿನವನ್ನು ಹಣ ಸಿಗುವ ದಿನವೆಂದು ತಿಳಿಯುವ ಪ್ರಮಾದಕ್ಕೆ ಇಲ್ಲಿ ಅವಕಾಶ ಧಾರಾಳವಾಗಿದೆ.

ಹತ್ತು ಸಾವಿರ ಡಾಲರ್ ಎಲ್ಲಿ ಹೋಯಿತು?

ಒಂದು ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ವಿದ್ಯುತ್ ಕೆಲಸದ ಉಪಗುತ್ತಿಗೆಯೊಂದರ ಮೊತ್ತ 10 ಲಕ್ಷ ಡಾಲರ್ ಎಂದಿಟ್ಟುಕೊಳ್ಳೋಣ. ಕೆಲಸದ ಮೇಲೆ ಶೇ 10 ರಿಟೆನ್ಷನ್, ಸಾಮಗ್ರಿಯ ಮೇಲೆ ಏನೂ ಇಲ್ಲ ಎಂಬುದು ಒಪ್ಪಂದ. ಮೊದಲ ತಿಂಗಳು 2 ಲಕ್ಷ ಡಾಲರ್ ಮೌಲ್ಯದ ಕೆಲಸ ಆಗಿದೆ. ಇನ್ನೂ ಜೋಡಿಸದ ಕೇಬಲ್ ಮತ್ತು ಸ್ವಿಚ್ ಬೋರ್ಡ್‌ಗಳು 1 ಲಕ್ಷ ಡಾಲರ್‌ನಷ್ಟು ಉಗ್ರಾಣದಲ್ಲಿವೆ.

ಸರಿಯಾದ ಲೆಕ್ಕದಲ್ಲಿ ತಡೆಹಿಡಿಯಬೇಕಾದದ್ದು 2 ಲಕ್ಷದ ಮೇಲಿನ ಶೇ 10, ಅಂದರೆ 20,000 ಡಾಲರ್. ಸಲ್ಲಬೇಕಾದದ್ದು 2,80,000. ಈಗ ಲೆಕ್ಕಪತ್ರದ ತಂತ್ರಾಂಶ ಬಿಲ್‌ನಿಂದ ಒಟ್ಟು ಮೊತ್ತವಾದ 3 ಲಕ್ಷವನ್ನು ಮಾತ್ರ ತರಿಸಿಕೊಂಡು, ಗುತ್ತಿಗೆಯ ಶೇ 10 ಎಂಬ ಒಂದೇ ಅಂಕಿಯನ್ನು ಅದಕ್ಕೆ ಅನ್ವಯಿಸಿತು ಎನ್ನೋಣ. ಆಗ ತಡೆಹಿಡಿಯುವುದು 30,000, ಕೊಡುವುದು 2,70,000. ಉಪಗುತ್ತಿಗೆದಾರನಿಗೆ 10,000 ಡಾಲರ್ ಕಡಿಮೆ.

ಎರಡನೇ ತಿಂಗಳು ಆ ಸಾಮಗ್ರಿಯನ್ನೆಲ್ಲ ಜೋಡಿಸಿದ್ದಾಯಿತು. ಜೊತೆಗೆ 50,000 ಡಾಲರ್‌ನ ಹೊಸ ಕೆಲಸವೂ ಆಯಿತು. ಒಟ್ಟು ಮುಗಿದ ಕೆಲಸ 3,50,000. ಸಾಮಗ್ರಿ ಈಗ ಕೆಲಸದ ಕಾಲಂಗೆ ಸೇರಿರುವುದರಿಂದ ಅದರ ಮೇಲೂ ರಿಟೆನ್ಷನ್ ಬೀಳುತ್ತದೆ, ಒಟ್ಟು 35,000. ಉಳಿದ 3,15,000ದಲ್ಲಿ ಹಿಂದೆ ಕೊಟ್ಟ 2,80,000 ಕಳೆದರೆ ಈ ತಿಂಗಳು ಸಲ್ಲಬೇಕಾದದ್ದು 35,000. ತಪ್ಪು ಲೆಕ್ಕದ ತಂತ್ರಾಂಶದಲ್ಲಾದರೋ ಅದೇ 3,15,000ದಿಂದ 2,70,000 ಕಳೆದು 45,000 ಎಂದು ಬರುತ್ತದೆ.

ಎರಡು ತಿಂಗಳ ಕೊನೆಗೆ ಎರಡೂ ಕಡೆಯ ಒಟ್ಟು ಮೊತ್ತ 3,15,000ವೇ. ಲೆಕ್ಕ ತಾಳೆಯಾಯಿತು, ತಪ್ಪೇ ಇಲ್ಲ ಎಂದು ಪರಿಶೀಲಿಸಿದವರು ಮುಂದೆ ಸಾಗುತ್ತಾರೆ. ಈ ತಪ್ಪಿನ ಅಪಾಯ ಇರುವುದೇ ಇಲ್ಲಿ: ಮಾಸಾಂತ್ಯದ ಒಟ್ಟು ಮೊತ್ತವನ್ನಷ್ಟೇ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ನಡುವಿನ ಆ ಒಂದು ತಿಂಗಳು ಉಪಗುತ್ತಿಗೆದಾರ 10,000 ಡಾಲರ್ ಕೈಸಾಲ ಮಾಡಿಯೋ ಕೇಬಲ್ ಅಂಗಡಿಯವನಿಗೆ ಸಬೂಬು ಹೇಳಿಯೋ ದಿನ ದೂಡಿರುತ್ತಾನೆ. ಹೊಸ ಸಾಮಗ್ರಿ ಪ್ರತಿ ತಿಂಗಳೂ ಬರುತ್ತಲೇ ಇದ್ದರೆ ಈ ಕೊರತೆ ಕಾಮಗಾರಿಯ ಉದ್ದಕ್ಕೂ ಬೆನ್ನಿಗಿರುತ್ತದೆ.

ತೊಂದರೆ ಅಲ್ಲಿಗೇ ನಿಲ್ಲದು. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಪಾವತಿಗೂ ಉಪಗುತ್ತಿಗೆದಾರ ಆಸ್ತಿಯ ಮೇಲಿನ ತನ್ನ ಹಕ್ಕನ್ನು ಅಷ್ಟರಮಟ್ಟಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವುದು ವಾಡಿಕೆ. ಲೀನ್ ವೇವರ್ ಎಂಬ ಈ ಪತ್ರದ ನಮೂನೆಯನ್ನು ಕಾನೂನೇ ಗೊತ್ತುಪಡಿಸಿದೆ. ಷರತ್ತುಬದ್ಧ ನಮೂನೆಯಲ್ಲಿ ಚೆಕ್‌ನ ಮೊತ್ತವನ್ನು ಬರೆಯಬೇಕು. ಒಂದು ತಂತ್ರಾಂಶ 2,80,000 ಎಂದು ಪತ್ರ ಸಿದ್ಧಪಡಿಸಿ, ಇನ್ನೊಂದು 2,70,000ಕ್ಕೆ ಚೆಕ್ ಬರೆದರೆ ಆ ತಿಂಗಳ ಪಾವತಿಯೇ ಅಡ್ಡಬೀಳುತ್ತದೆ.

ಕೇಳುವ ಬಗೆ

ಹಾಗಾದರೆ ಸರಿಯಾಗಿ ಕೇಳುವುದು ಹೇಗೆ? ಮೊದಲ ಎಡವಟ್ಟು ಹೆಸರುಗಳಲ್ಲೇ ಇದೆ. ಪ್ರೊಕೋರ್‌ನ ಪರದೆಯ ಮೇಲೆ ಉಪಗುತ್ತಿಗೆಯ ಹೆಸರು ಸಬ್‌ಕಾಂಟ್ರ್ಯಾಕ್ಟ್. ಅದರ ಎಪಿಐನ ಮೊದಲ ಆವೃತ್ತಿಯಲ್ಲಿ ಅದೇ ವಸ್ತುವಿಗೆ ವರ್ಕ್ ಆರ್ಡರ್ ಕಾಂಟ್ರ್ಯಾಕ್ಟ್ ಎಂದು ಹೆಸರು. ಪರದೆಯ ಮೇಲೆ ಉಪಗುತ್ತಿಗೆದಾರನ ಇನ್‌ವಾಯ್ಸ್. ಎಪಿಐಯಲ್ಲಿ ಅದು ರಿಕ್ವಿಸಿಷನ್. ಮಾಲೀಕನಿಗೆ ಕಳುಹಿಸುವ ಬಿಲ್ ಪೇಮೆಂಟ್ ಅಪ್ಲಿಕೇಷನ್. ಸಾಮಗ್ರಿ ಖರೀದಿಯ ಪರ್ಚೇಸ್ ಆರ್ಡರ್‌ಗಳಿಗೆ ಪ್ರತ್ಯೇಕ ಬಾಗಿಲು. ಎರಡನೇ ಆವೃತ್ತಿಯಲ್ಲಿ ಉಪಗುತ್ತಿಗೆ ಮತ್ತು ಖರೀದಿ ಎರಡನ್ನೂ ಕಮಿಟ್‌ಮೆಂಟ್ ಕಾಂಟ್ರ್ಯಾಕ್ಟ್ ಎಂಬ ಒಂದೇ ಹೆಸರಿನಡಿ ತರಲಾಗಿದೆ. ಇನ್‌ವಾಯ್ಸ್ ಎಂಬ ಪದವನ್ನೇ ಹುಡುಕುತ್ತ ಕುಳಿತ ಹೊಸಬರಿಗೆ ಅರ್ಧ ದಿನ ಇದರಲ್ಲೇ ಕಳೆದರೆ ಅಚ್ಚರಿಯಿಲ್ಲ.

ಎರಡನೆಯದು ಕೇಳುವ ಕ್ರಮ. ಗುತ್ತಿಗೆ ಮೊದಲು, ಬಿಲ್ಲಿಂಗ್ ಅವಧಿ ಆಮೇಲೆ, ಬಿಲ್ ಕೊನೆಗೆ ಎಂಬ ಅನುಕ್ರಮ ಸೂಕ್ತ. ಬಿಲ್ ಕೈಗೆ ಬಂದಾಗ ಅದನ್ನು ಅಳೆಯುವ ಕೋಲು ಆಗಲೇ ಕೈಯಲ್ಲಿರಬೇಕು. ಬಿಲ್‌ನ ಸಾಲುಸಾಲಿನಲ್ಲಿರುವ ರಿಟೆನ್ಷನ್ ಮೊತ್ತವನ್ನೇ ತರಿಸಿಕೊಳ್ಳುವುದು ಒಳ್ಳೆಯದು. ಗುತ್ತಿಗೆಯ ಶೇಕಡಾವಾರನ್ನು ಹಿಡಿದು ಹೊಸದಾಗಿ ಗುಣಿಸಲು ಹೋಗಬಾರದು. ಸೆಟ್ಟಿಂಗ್‌ಗಳು ಬೇಕಾಗುವುದು ಆ ಮೊತ್ತವನ್ನು ತಾಳೆ ನೋಡಲು. ಮುಖ್ಯ ಗುತ್ತಿಗೆದಾರ ಒಂದು ಸಾಲಿನಲ್ಲಿ ಮಾತ್ರ ಶೇ 10 ಇದ್ದುದನ್ನು ಶೇ 5ಕ್ಕೆ ಇಳಿಸಿದ್ದರೆ, ಮರಳಿ ಗುಣಿಸುವ ತಂತ್ರಾಂಶ ಆ ರಿಯಾಯಿತಿಯನ್ನು ಅಳಿಸಿಹಾಕುತ್ತದೆ.

ಮೂರನೆಯದು ಖಾಲಿ ಮತ್ತು ಸೊನ್ನೆಯ ನಡುವಿನ ವ್ಯತ್ಯಾಸ. ರಿಟೆನ್ಷನ್ 0 ಎಂದು ಉತ್ತರ ಬಂದರೆ ತಡೆಹಿಡಿಯುವುದಿಲ್ಲ ಎಂದು ಯಾರೋ ತೀರ್ಮಾನಿಸಿದ್ದಾರೆ ಎಂದರ್ಥ. ನಲ್ ಎಂದು ಬಂದರೆ ಯಾರೂ ಏನನ್ನೂ ತುಂಬಿಲ್ಲ ಎಂದರ್ಥ. ಅನೇಕ ಪ್ರೋಗ್ರಾಂಗಳು ಎರಡನ್ನೂ ಸೊನ್ನೆಯೆಂದೇ ಓದುತ್ತವೆ. ಇನ್ನು ಕೆಲವು ಖಾಲಿ ಕಂಡಲ್ಲಿ ಕಂಪನಿಯ ರೂಢಿಯ ಶೇ 10 ಅನ್ನು ತಾವೇ ತುಂಬಿಬಿಡುತ್ತವೆ. ಎರಡೂ ಸರಿಯಲ್ಲ. ಖಾಲಿ ಇದ್ದರೆ ಲೆಕ್ಕ ನಿಲ್ಲಿಸಿ ಮನುಷ್ಯರನ್ನು ಕೇಳಬೇಕು.

ಅಂಕಿಗಳ ಸ್ವರೂಪವೂ ಗಮನಿಸಬೇಕಾದ ವಿಷಯ. ಒಂದು ತಂತ್ರಾಂಶದಲ್ಲಿ ಶೇ 10 ಎಂಬುದು 10 ಎಂದೂ ಇನ್ನೊಂದರಲ್ಲಿ 0.10 ಎಂದೂ ಇರಬಹುದು. ಹಣದ ಮೊತ್ತವನ್ನು ಸಂಖ್ಯೆಯಾಗಿ ಅಲ್ಲದೆ ಪಠ್ಯವಾಗಿ ಕಳುಹಿಸುವ ರೂಢಿ ಇದೆ. ಇದಕ್ಕೆ ಕಾರಣವೂ ಇದೆ. ಗಣಕಯಂತ್ರ ಸಾಮಾನ್ಯವಾಗಿ ಬಳಸುವ ದ್ವಿಮಾನ ಪದ್ಧತಿಯಲ್ಲಿ 0.1 ಎಂಬ ಸರಳ ಸಂಖ್ಯೆಯನ್ನೂ ಕರಾರುವಾಕ್ಕಾಗಿ ಬರೆಯಲಾಗದು. ನೂರಾರು ಸಾಲುಗಳ ಬಿಲ್‌ನಲ್ಲಿ ಈ ಅತಿಸಣ್ಣ ವ್ಯತ್ಯಾಸಗಳು ಕೂಡಿ ಒಂದು ಸೆಂಟ್ ಹೆಚ್ಚುಕಡಿಮೆಯಾಗುತ್ತದೆ. ಒಂದು ಸೆಂಟ್ ತಾಳೆಯಾಗದಿದ್ದರೂ ಲೆಕ್ಕಪತ್ರದ ತಂತ್ರಾಂಶ ಬಿಲ್ ತಿರಸ್ಕರಿಸಬಹುದು. ಹಣಕ್ಕಾಗಿಯೇ ಇರುವ ದಶಮಾಂಶ ವಿಧಾನವನ್ನು ಬಳಸುವುದೇ ಇದಕ್ಕೆ ಪರಿಹಾರ.

ಇನ್ನು ಅನುಮತಿಯ ಪ್ರಶ್ನೆ. ಎಪಿಐ ಮೂಲಕ ಕೇಳುವ ಖಾತೆಗೆ ಆಯಾ ಕಾಮಗಾರಿಯ ಗುತ್ತಿಗೆಗಳನ್ನು ನೋಡುವ ಅಧಿಕಾರ ಇರಬೇಕು. ಖಾಸಗಿ ಎಂದು ಗುರುತಿಸಿದ ಗುತ್ತಿಗೆಗಳು ಅನುಮತಿ ಇಲ್ಲದವರಿಗೆ ಕಾಣುವುದಿಲ್ಲ. ಐವತ್ತು ಗುತ್ತಿಗೆಗಳಿರುವ ಕಾಮಗಾರಿಯಲ್ಲಿ ನಲವತ್ತೇಳೇ ಬಂದರೆ ಉಳಿದ ಮೂರು ಇಲ್ಲವೆಂದಲ್ಲ. ಉತ್ತರ ಪುಟಪುಟವಾಗಿ ಬರುವುದರಿಂದ ಮೊದಲ ಪುಟಕ್ಕೇ ನಿಲ್ಲಿಸಿದರೂ ಇದೇ ಬಗೆಯ ಕೊರತೆ ಉಂಟಾಗುತ್ತದೆ. ಪಟ್ಟಿಯ ಸಂಖ್ಯೆಯನ್ನು ಸೈಟ್ ಕಚೇರಿಯ ಪಟ್ಟಿಯೊಂದಿಗೆ ಒಮ್ಮೆ ಹೋಲಿಸುವುದಕ್ಕೆ ಐದು ನಿಮಿಷ ಸಾಕು. ಅದೇ ರೀತಿ, ಸೆಟ್ಟಿಂಗ್ ಓದುವ ಖಾತೆಗೆ ಓದುವ ಅಧಿಕಾರವಷ್ಟೇ ಸಾಕು. ತಿದ್ದುವ ಅಧಿಕಾರ ಕೊಡುವ ಅಗತ್ಯವಿಲ್ಲ. ಪ್ರಯೋಗಕ್ಕೆಂದೇ ಪ್ರತ್ಯೇಕ ಅಂಗಳ ಒದಗಿಸಿರುವಾಗ ನಿಜವಾದ ಕಾಮಗಾರಿಯ ಮೇಲೆ ಪರೀಕ್ಷೆ ನಡೆಸುವುದು ತರವಲ್ಲ.

ಕಾನೂನು ಬದಲಾದಾಗ

ಈ ಸೂಕ್ಷ್ಮಗಳಿಗೆ ಈಗ ವಿಶೇಷ ಮಹತ್ವ ಬಂದಿರುವುದಕ್ಕೆ ಕಾರಣ ಅಮೆರಿಕದ ರಾಜ್ಯಗಳಲ್ಲಿ ಆಗುತ್ತಿರುವ ಕಾನೂನು ಬದಲಾವಣೆ. ನ್ಯೂಯಾರ್ಕ್ ರಾಜ್ಯ 2023ರ ನವೆಂಬರ್‌ನಲ್ಲಿ ತಂದ ಕಾನೂನಿನಂತೆ 1.5 ಲಕ್ಷ ಡಾಲರ್ ಮತ್ತು ಅದಕ್ಕೂ ಮೇಲ್ಪಟ್ಟ ಖಾಸಗಿ ನಿರ್ಮಾಣ ಗುತ್ತಿಗೆಗಳಲ್ಲಿ ರಿಟೆನ್ಷನ್ ಶೇ 5ನ್ನು ಮೀರುವಂತಿಲ್ಲ. ಕ್ಯಾಲಿಫೋರ್ನಿಯಾ 2025ರಲ್ಲಿ ಇದೇ ದಾರಿ ಹಿಡಿಯಿತು. ಎಸ್‌ಬಿ 61 ಎಂಬ ಮಸೂದೆ ಕಾನೂನಾಗಿ, 2026ರ ಜನವರಿ 1 ಅಥವಾ ಆನಂತರ ಮಾಡಿಕೊಂಡ ಖಾಸಗಿ ಗುತ್ತಿಗೆಗಳಿಗೆ ಶೇ 5ರ ಮಿತಿ ವಿಧಿಸಿದೆ. ನಾಲ್ಕು ಅಂತಸ್ತು ಮೀರದ, ಕೇವಲ ವಾಸದ ಕಟ್ಟಡಗಳಂಥ ಕೆಲವು ವಿನಾಯಿತಿಗಳೂ ಇವೆ. ಅಲ್ಲಿನ ಸರ್ಕಾರಿ ಕಾಮಗಾರಿಗಳಲ್ಲಿ ಈ ಮಿತಿ ಮೊದಲೇ ಇತ್ತು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಒಬ್ಬನೇ ಗುತ್ತಿಗೆದಾರನ ಬಳಿ 2025ರ ಡಿಸೆಂಬರ್‌ನಲ್ಲಿ ಸಹಿಯಾದ ಶೇ 10ರ ಗುತ್ತಿಗೆ ಒಂದೆಡೆ, 2026ರ ಫೆಬ್ರುವರಿಯಲ್ಲಿ ಸಹಿಯಾದ ಶೇ 5ರ ಗುತ್ತಿಗೆ ಇನ್ನೊಂದೆಡೆ ಇರಬಹುದು. ಎರಡರ ಬಿಲ್‌ಗಳೂ ಒಂದೇ ದಿನ ಒಂದೇ ತಂತ್ರಾಂಶಕ್ಕೆ ಬಂದು ಬೀಳುತ್ತವೆ. ಪ್ರೋಗ್ರಾಂನ ಒಳಗೆ ಶೇ 10 ಎಂದು ಬರೆದು ಕೂಡಿಸಿದ್ದರೆ ಹೊಸ ಗುತ್ತಿಗೆಯಲ್ಲಿ ಕಾನೂನು ಮುರಿದಂತೆ. ಅದನ್ನೇ ಶೇ 5 ಎಂದು ತಿದ್ದಿದರೆ ಹಳೆಯ ಗುತ್ತಿಗೆಗಳ ಬಾಕಿಯೆಲ್ಲ ಅಸ್ತವ್ಯಸ್ತ. ಪ್ರತಿ ಗುತ್ತಿಗೆಯ ಸೆಟ್ಟಿಂಗ್ ಅನ್ನು ಅದರ ಸಹಿಯ ದಿನಾಂಕದೊಂದಿಗೆ ಕೇಳಿ ತರಿಸಿಕೊಳ್ಳುವವರಿಗೆ ಮಾತ್ರ ಈ ತಲೆನೋವಿಲ್ಲ.

ಸೆಟ್ಟಿಂಗ್‌ನಲ್ಲಿ ಇರುವುದೆಲ್ಲ ಸರಿಯೆಂದೂ ಅಲ್ಲ. ಹಳೆಯ ಗುತ್ತಿಗೆಯ ನಕಲು ತೆಗೆದು ಹೊಸದನ್ನು ತಯಾರಿಸುವಾಗ ಹಳೆಯ ಶೇ 10 ಹಾಗೆಯೇ ಉಳಿದುಕೊಳ್ಳಬಹುದು. ಎಪಿಐ ಅದನ್ನು ನಿಷ್ಠೆಯಿಂದ ಒಪ್ಪಿಸುತ್ತದೆ. ಸರಿಯೋ ತಪ್ಪೋ ಎಂದು ಹೇಳುವುದಿಲ್ಲ. ಆದರೆ 2026ರ ನಂತರದ ಕ್ಯಾಲಿಫೋರ್ನಿಯಾ ಗುತ್ತಿಗೆಗಳಲ್ಲಿ ಶೇ 5 ಮೀರಿದವು ಎಷ್ಟು ಎಂಬ ಪಟ್ಟಿಯನ್ನು ಕೆಲವೇ ನಿಮಿಷಗಳಲ್ಲಿ ತೆಗೆಯಲು ಸಾಧ್ಯವಾಗುವುದೂ ಎಪಿಐನಿಂದಲೇ. ಒಂದೊಂದೇ ಗುತ್ತಿಗೆಯನ್ನು ಪರದೆಯ ಮೇಲೆ ತೆರೆದು ನೋಡುವುದಾದರೆ ಇನ್ನೂರು ಗುತ್ತಿಗೆಗಳಿಗೆ ದಿನಗಳೇ ಬೇಕು. ಉಪಗುತ್ತಿಗೆಯ ರಿಟೆನ್ಷನ್ ಮಾಲೀಕನೊಂದಿಗಿನ ಮುಖ್ಯ ಗುತ್ತಿಗೆಯ ದರವನ್ನು ಮೀರಬಾರದೆಂಬ ಅಂಶವೂ ಆ ಕಾನೂನಿನಲ್ಲಿದೆ. ಎರಡೂ ಕಡೆಯ ಸೆಟ್ಟಿಂಗ್ ತರಿಸಿ ಪಕ್ಕಪಕ್ಕ ಇಟ್ಟರೆ ಅದೂ ತಿಳಿಯುತ್ತದೆ.

ಬಿಡುಗಡೆಯ ದಿನ

ಕಾಮಗಾರಿಯ ನಡುವೆ ಸೆಟ್ಟಿಂಗ್ ಬದಲಾಗುವುದು ಸಾಮಾನ್ಯ. ಬದಲಾವಣೆಯಾದ ಕೂಡಲೇ ಸುದ್ದಿ ಕಳುಹಿಸುವ ವೆಬ್‌ಹುಕ್ ಎಂಬ ವ್ಯವಸ್ಥೆ ಇದೆ. ಆದರೂ ಪ್ರತಿ ಬಿಲ್ ಅವಧಿಯ ಕೊನೆಯಲ್ಲಿ ಸೆಟ್ಟಿಂಗ್‌ಗಳನ್ನು ಮತ್ತೊಮ್ಮೆ ಕೇಳಿ, ಬಂದ ಉತ್ತರವನ್ನು ದಿನಾಂಕ ಹಾಕಿ ಎತ್ತಿಡುವುದು ಕ್ಷೇಮ. ಮಾರ್ಚ್ ತಿಂಗಳ ಬಿಲ್‌ಗೆ ಯಾವ ದರ ಅನ್ವಯವಾಗಿತ್ತು ಎಂಬ ಪ್ರಶ್ನೆ ನವೆಂಬರ್‌ನಲ್ಲಿ ಎದ್ದಾಗ, ಇಂದಿನ ಸೆಟ್ಟಿಂಗ್ ಇಂದಿನ ಉತ್ತರವನ್ನಷ್ಟೇ ಕೊಡುತ್ತದೆ.

ಈ ದಾಖಲೆ ನಿಜವಾಗಿ ಬೇಕಾಗುವುದು ಕೆಲಸ ಮುಗಿದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಾಮಗಾರಿ ಪೂರ್ಣಗೊಂಡ 45 ದಿನಗಳೊಳಗೆ ಮಾಲೀಕ ತಡೆಹಿಡಿದ ಹಣವನ್ನು ಮುಖ್ಯ ಗುತ್ತಿಗೆದಾರನಿಗೆ ಕೊಡಬೇಕು. ಅದು ಕೈಸೇರಿದ 10 ದಿನಗಳೊಳಗೆ ಮುಖ್ಯ ಗುತ್ತಿಗೆದಾರ ಉಪಗುತ್ತಿಗೆದಾರರ ಪಾಲನ್ನು ಹಂಚಬೇಕು. ತಕರಾರು ಇದ್ದರೆ ತಕರಾರಿನ ಮೊತ್ತದ ಒಂದೂವರೆ ಪಟ್ಟಿನವರೆಗೆ ಮಾತ್ರ ಹಿಡಿದಿಟ್ಟುಕೊಳ್ಳಬಹುದು. ಸಕಾರಣವಿಲ್ಲದೆ ತಡಮಾಡಿದರೆ ತಿಂಗಳಿಗೆ ಶೇ 2ರಂತೆ ದಂಡ ತೆರಬೇಕಾಗುತ್ತದೆ. ಆ 10 ದಿನಗಳಲ್ಲಿ ಪ್ರತಿಯೊಬ್ಬ ಉಪಗುತ್ತಿಗೆದಾರನಿಂದ ಯಾವ ತಿಂಗಳು, ಯಾವ ಸಾಲಿನಲ್ಲಿ, ಯಾವ ದರದಲ್ಲಿ ಎಷ್ಟು ತಡೆಹಿಡಿಯಲಾಗಿತ್ತು ಎಂಬ ಲೆಕ್ಕ ಸಿದ್ಧವಾಗಬೇಕು. ತಿಂಗಳು ತಿಂಗಳೂ ಸೆಟ್ಟಿಂಗ್ ತೆಗೆದಿಟ್ಟ ಕಚೇರಿಯಲ್ಲಿ ಈ ಪಟ್ಟಿ ಒಂದೇ ಬೆಳಿಗ್ಗೆಯಲ್ಲಿ ಹೊರಬರುತ್ತದೆ. ಬರೀ ಮೊತ್ತಗಳನ್ನು ತರಿಸಿಕೊಂಡ ಕಚೇರಿಯಲ್ಲಿ ಎರಡು ವರ್ಷಗಳ ಬಿಲ್‌ಗಳನ್ನು ಮತ್ತೆ ಒಂದೊಂದಾಗಿ ತೆರೆಯಬೇಕಾಗುತ್ತದೆ.